ಮುಧೋಳದ ಕಬ್ಬಿಗೂ ಜಿನೀವಾದ ವ್ಯಾಜ್ಯಕ್ಕೂ ಏನು ಸಂಬಂಧ?

ಬಾಗಲಕೋಟೆ: ಕಬ್ಬಿಗೆ ಟನ್ನಿಗೆ 3,500 ರೂಪಾಯಿ ದರ ನೀಡಬೇಕೆಂದು ಒತ್ತಾಯಿಸಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ 2025ರ ಅಕ್ಟೋಬರ್ ಕೊನೆಗೆ ಆರಂಭವಾದ ಧರಣಿ ಕೆಲವೇ ದಿನಗಳಲ್ಲಿ ಕೃಷ್ಣಾ ಮತ್ತು ಘಟಪ್ರಭಾ ತೀರದುದ್ದಕ್ಕೂ ಹಬ್ಬಿತು. ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ರೈತ ಮುಖಂಡರು ಹಾಗೂ ಕಾರ್ಖಾನೆ ಮಾಲೀಕರ ಸಭೆ ನಡೆಸಿದರು. ಕಟಾವು ಮತ್ತು ಸಾಗಣೆ ವೆಚ್ಚ ಹೊರತುಪಡಿಸಿ, ಶೇ 11.25ರ ಇಳುವರಿಯ ಕಬ್ಬಿಗೆ ಟನ್ನಿಗೆ 3,300 ರೂಪಾಯಿ ಎಂದು ಅಲ್ಲಿ ತೀರ್ಮಾನವಾಯಿತು. ಈ ಮೊತ್ತದಲ್ಲಿ 50 ರೂಪಾಯಿಯನ್ನು ಸರ್ಕಾರವೇ ಭರಿಸುವುದಾಗಿ ಹೇಳಿತು. ಮುಧೋಳ ಭಾಗದ ರೈತರು ಇದಕ್ಕೆ ಸಮ್ಮತಿಸದೆ ಹೋರಾಟ ಮುಂದುವರಿಸಿದರು. ನವೆಂಬರ್ 13ರಂದು ಸಮೀರವಾಡಿಯಲ್ಲಿ ಕಬ್ಬು ತುಂಬಿ ನಿಂತಿದ್ದ ಟ್ರೇಲರ್‌ಗಳು ಬೆಂಕಿಗೆ ಆಹುತಿಯಾದವು.

ಈ ಹೋರಾಟದ ಕುರಿತ ಚರ್ಚೆಯೆಲ್ಲ ಬಹುತೇಕ ಕಾರ್ಖಾನೆ, ರೈತ, ರಾಜ್ಯ ಸರ್ಕಾರ ಎಂಬ ಮೂರು ಹೆಸರುಗಳ ಸುತ್ತಲೇ ನಡೆಯಿತು. ಆದರೆ ಅದೇ ದಿನಗಳಲ್ಲಿ ಮುಖ್ಯಮಂತ್ರಿಯವರು ಪ್ರಧಾನಿಗೆ ಬರೆದ ಪತ್ರದಲ್ಲಿ ಸಕ್ಕರೆ ರಫ್ತಿನ ಮೇಲಿನ ಮಿತಿಯ ಪ್ರಸ್ತಾಪವಿತ್ತು. ಅದಾದ ಕೆಲವೇ ದಿನಗಳಲ್ಲಿ ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ 15 ಲಕ್ಷ ಟನ್ ಸಕ್ಕರೆ ರಫ್ತಿಗೆ ಅವಕಾಶ ನೀಡುವುದಾಗಿ ಪ್ರಕಟಿಸಿತು. ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿ ತಾಲ್ಲೂಕುಗಳ ಹೊಲದಲ್ಲಿ ಬೆಳೆದ ಕಬ್ಬಿನ ದರವು ದೆಹಲಿಯ ಅಧಿಸೂಚನೆಗೂ, ಬ್ರೆಜಿಲ್‌ನ ಫಸಲಿಗೂ, ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ನಡೆಯುವ ವ್ಯಾಜ್ಯಕ್ಕೂ ಹೊಂದಿಕೊಂಡಿದೆ. ಆ ಕೊಂಡಿ ಯಾವುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ದರದ ಲೆಕ್ಕ ಹೇಗೆ?

ಕಬ್ಬಿಗೆ ಕಾರ್ಖಾನೆಗಳು ಕಡ್ಡಾಯವಾಗಿ ಕೊಡಬೇಕಾದ ಕನಿಷ್ಠ ದರವನ್ನು ಕೇಂದ್ರ ಸರ್ಕಾರ ನಿಗದಿಪಡಿಸುತ್ತದೆ. 2009-10ರಿಂದ ಇದನ್ನು ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ ಎಂದು ಕರೆಯಲಾಗುತ್ತಿದೆ. 2025-26ರ ಹಂಗಾಮಿಗೆ ಶೇ 10.25ರ ಇಳುವರಿಯ ಕಬ್ಬಿಗೆ ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550 ರೂಪಾಯಿ ನಿಗದಿಯಾಯಿತು. ಕಟಾವು ಮತ್ತು ಸಾಗಣೆ ವೆಚ್ಚ ಇದರಲ್ಲೇ ಅಡಗಿರುವುದರಿಂದ ರೈತನ ಕೈಗೆ ಬರುವ ಹಣ ಇದಕ್ಕಿಂತ ಬಹಳ ಕಡಿಮೆ.

ಇನ್ನೊಂದು ತುದಿಯಲ್ಲಿ ಸಕ್ಕರೆಯ ಕನಿಷ್ಠ ಮಾರಾಟ ಬೆಲೆ ಇದೆ. 2018ರ ಜೂನ್‌ನಲ್ಲಿ ಕಿಲೋಗೆ 29 ರೂಪಾಯಿ ಇದ್ದ ಈ ಬೆಲೆ 2019ರ ಫೆಬ್ರುವರಿಯಲ್ಲಿ 31 ರೂಪಾಯಿಗೆ ಏರಿತು. 2025ರ ನವೆಂಬರ್ ಹೋರಾಟದ ವೇಳೆಗೂ ಅದು ಅಷ್ಟೇ ಇತ್ತು. ಶೇ 10.25ರ ಇಳುವರಿ ಎಂದರೆ ಒಂದು ಟನ್ ಕಬ್ಬಿನಿಂದ 102.5 ಕಿಲೋ ಸಕ್ಕರೆ. ಕಿಲೋಗೆ 31 ರೂಪಾಯಿಯಂತೆ ಅದರ ಬೆಲೆ ಸುಮಾರು 3,177 ರೂಪಾಯಿ. ಕಬ್ಬಿನ ದರಕ್ಕಿಂತ ಸಕ್ಕರೆಯ ಕನಿಷ್ಠ ಬೆಲೆಯೇ ಕಡಿಮೆ ಎಂದು ಕಾರ್ಖಾನೆಗಳು ವಾದಿಸುವುದು ಈ ಲೆಕ್ಕದ ಆಧಾರದ ಮೇಲೆಯೇ. ಮಾರುಕಟ್ಟೆಯಲ್ಲಿ ಸಕ್ಕರೆ ಇದಕ್ಕಿಂತ ಹೆಚ್ಚಿನ ದರಕ್ಕೆ ಮಾರಾಟವಾಗುತ್ತದೆ, ಕಾಕಂಬಿ, ಎಥೆನಾಲ್, ವಿದ್ಯುತ್‌ನಿಂದ ಬರುವ ಆದಾಯವನ್ನೇಕೆ ಮರೆಮಾಚುತ್ತೀರಿ ಎಂಬುದು ರೈತರ ಪ್ರತಿವಾದ. ಎರಡೂ ಮಾತುಗಳಲ್ಲಿ ಸತ್ಯಾಂಶವಿದೆ.

ದೇಶದ ಬೇಡಿಕೆಗಿಂತ ಹೆಚ್ಚು ಸಕ್ಕರೆ ಉತ್ಪಾದನೆಯಾದ ವರ್ಷ ಗೋದಾಮು ತುಂಬುತ್ತದೆ, ಬೆಲೆ ಕುಸಿಯುತ್ತದೆ, ರೈತರ ಬಾಕಿ ಬೆಳೆಯುತ್ತದೆ. ಆಗ ಹೆಚ್ಚುವರಿ ಸಕ್ಕರೆ ಹೊರಹೋಗಲು ಇರುವ ಪ್ರಮುಖ ದಾರಿ ರಫ್ತು. ಪಶ್ಚಿಮ ಕರಾವಳಿಯ ಬಂದರುಗಳಿಗೆ ಸಮೀಪವಿರುವ ಕಾರಣ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಕಾರ್ಖಾನೆಗಳಿಗೆ ಈ ದಾರಿ ಉಳಿದವರಿಗಿಂತ ಹೆಚ್ಚು ಮುಖ್ಯ. ಬಂದರಿನಿಂದ ದೂರವಿರುವ ಉತ್ತರ ಪ್ರದೇಶದ ಕಾರ್ಖಾನೆಗಳು ತಮ್ಮ ಪಾಲಿನ ರಫ್ತು ಕೋಟಾವನ್ನು ಇಲ್ಲಿನವರಿಗೆ ಬಿಟ್ಟುಕೊಟ್ಟು, ಬದಲಿಗೆ ದೇಶೀಯ ಮಾರಾಟದ ಕೋಟಾ ಪಡೆದ ನಿದರ್ಶನಗಳೂ ಇವೆ.

ಬಾಗಿಲು ತೆರೆದಾಗ, ಮುಚ್ಚಿದಾಗ

2017-18ರಲ್ಲಿ ಭಾರತದ ಸಕ್ಕರೆ ಉತ್ಪಾದನೆ 300 ಲಕ್ಷ ಟನ್ನಿನ ಗಡಿ ದಾಟಿತು. ಅದೇ ಸಮಯಕ್ಕೆ, 2018ರ ಆಗಸ್ಟ್‌ನಲ್ಲಿ, ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಕಚ್ಚಾ ಸಕ್ಕರೆಯ ದರ ಪೌಂಡ್‌ಗೆ 10 ಸೆಂಟ್‌ನ ಆಸುಪಾಸಿಗೆ ಕುಸಿಯಿತು. ಅದು ಹತ್ತು ವರ್ಷಗಳಲ್ಲೇ ಕನಿಷ್ಠ ದರ. ಅಂದಿನ ವಿನಿಮಯ ದರದಲ್ಲಿ ಕಿಲೋಗೆ 15-16 ರೂಪಾಯಿ ಮಾತ್ರ. ದೇಶದೊಳಗೆ ಕನಿಷ್ಠ ಬೆಲೆಯೇ 29 ರೂಪಾಯಿ ಇರುವಾಗ ಅರ್ಧ ದರಕ್ಕೆ ಹೊರದೇಶಕ್ಕೆ ಮಾರುವವರು ಯಾರು? ಸರ್ಕಾರ ನೆರವಿಗೆ ಬಂತು. ಕಬ್ಬು ನುರಿಸಿದ ಪ್ರಮಾಣಕ್ಕೆ ತಕ್ಕಂತೆ ಸಹಾಯಧನ, ಬಂದರಿನವರೆಗಿನ ಸಾಗಣೆಗೆ ಸಹಾಯಧನ ಎಂಬ ಯೋಜನೆಗಳು ಬಂದವು. 2019-20ರಲ್ಲಿ 60 ಲಕ್ಷ ಟನ್ ರಫ್ತಿಗೆ ಟನ್ನಿಗೆ 10,448 ರೂಪಾಯಿ ಸಹಾಯಧನ ಪ್ರಕಟವಾಯಿತು.

ಕೆಲವೇ ವರ್ಷಗಳಲ್ಲಿ ಚಿತ್ರ ಬದಲಾಯಿತು. ವಿಶ್ವ ಮಾರುಕಟ್ಟೆಯಲ್ಲಿ ದರ ಏರಿದ್ದರಿಂದ 2021-22ರಲ್ಲಿ ಯಾವ ರಫ್ತು ಸಹಾಯಧನವೂ ಇಲ್ಲದೆ ಸುಮಾರು 110 ಲಕ್ಷ ಟನ್ ಸಕ್ಕರೆ ಭಾರತದಿಂದ ಹೊರಹೋಯಿತು. ಅದೊಂದು ದಾಖಲೆ. ಆದರೆ ದೇಶದೊಳಗೆ ಬೆಲೆ ಏರೀತೆಂಬ ಆತಂಕದಿಂದ 2022ರ ಜೂನ್ 1ರಿಂದ ಸಕ್ಕರೆಯನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಲಾಯಿತು. 2022-23ರಲ್ಲಿ ಸುಮಾರು 60 ಲಕ್ಷ ಟನ್ನಿಗೆ ಮಾತ್ರ ಅನುಮತಿ ದೊರೆಯಿತು. 2023ರಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದಲ್ಲಿ ಮಳೆ ಕೈಕೊಟ್ಟಿತು, ಲೋಕಸಭಾ ಚುನಾವಣೆಯೂ ಸಮೀಪಿಸಿತ್ತು. 2023-24ರ ಹಂಗಾಮಿನಲ್ಲಿ ಅಮೆರಿಕ ಮತ್ತು ಐರೋಪ್ಯ ಒಕ್ಕೂಟಕ್ಕೆ ಹೋಗುವ ಅಲ್ಪ ಕೋಟಾ ಬಿಟ್ಟರೆ ರಫ್ತು ಬಹುತೇಕ ಸ್ಥಗಿತಗೊಂಡಿತು.

ಸಕ್ಕರೆ ಹೊರಹೋಗದಂತೆ ಬಾಗಿಲು ಮುಚ್ಚಿದ್ದ ಆ ದಿನಗಳಲ್ಲಿಯೇ, 2023ರ ನವೆಂಬರ್‌ನಲ್ಲಿ, ಕಚ್ಚಾ ಸಕ್ಕರೆಯ ವಿಶ್ವ ದರ ಪೌಂಡ್‌ಗೆ 28 ಸೆಂಟ್ ತಲುಪಿತು. 2011ರ ನಂತರದ ಗರಿಷ್ಠ ದರವದು. ಕಿಲೋಗೆ ಸುಮಾರು 50 ರೂಪಾಯಿ! ಅದರ ಲಾಭ ಪಡೆದದ್ದು ಮುಖ್ಯವಾಗಿ ಬ್ರೆಜಿಲ್. 2025ರ ಜನವರಿಯಲ್ಲಿ ಭಾರತ ಮತ್ತೆ 10 ಲಕ್ಷ ಟನ್ನಿಗೆ ಅನುಮತಿ ಕೊಟ್ಟಿತಾದರೂ ಆ ವೇಳೆಗೆ ದರ ಇಳಿಮುಖವಾಗಿತ್ತು.

ಒಟ್ಟಿನಲ್ಲಿ, ವಿಶ್ವ ದರ ಪಾತಾಳದಲ್ಲಿದ್ದಾಗ ಸಹಾಯಧನ ಕೊಟ್ಟು ರಫ್ತು ಮಾಡಿಸಲಾಯಿತು, ದರ ಆಕಾಶಕ್ಕೇರಿದಾಗ ರಫ್ತು ನಿಲ್ಲಿಸಲಾಯಿತು. ಮೊದಲನೆಯ ಕ್ರಮಕ್ಕೆ ಹೊರದೇಶಗಳು ದೂರಿದವು. ಎರಡನೆಯದಕ್ಕೆ ದೂರಬೇಕಾದ ರೈತನಿಗೆ ಜಿನೀವಾದಲ್ಲಿ ಕುರ್ಚಿ ಇಲ್ಲ.

ಮೂರು ದೇಶಗಳ ದೂರು

2019ರ ಫೆಬ್ರುವರಿ-ಮಾರ್ಚ್ ಅವಧಿಯಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ ಮತ್ತು ಗ್ವಾಟೆಮಾಲಾ ದೇಶಗಳು ಒಂದರ ಹಿಂದೊಂದರಂತೆ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಭಾರತದ ವಿರುದ್ಧ ದೂರು ಸಲ್ಲಿಸಿದವು. ಭಾರತ ಕಬ್ಬು ಬೆಳೆಗಾರರಿಗೆ ಮಿತಿಮೀರಿ ಬೆಂಬಲ ನೀಡುತ್ತಿದೆ, ರಫ್ತಿಗೂ ಸಹಾಯಧನ ಕೊಡುತ್ತಿದೆ, ಇದರಿಂದ ವಿಶ್ವ ದರ ಕುಸಿದು ತಮ್ಮ ಬೆಳೆಗಾರರು ನಷ್ಟಕ್ಕೀಡಾಗುತ್ತಿದ್ದಾರೆ ಎಂಬುದು ದೂರಿನ ಸಾರಾಂಶ.

ಸಂಘಟನೆಯ ಕೃಷಿ ಒಪ್ಪಂದದ ಪ್ರಕಾರ ಅಭಿವೃದ್ಧಿಶೀಲ ದೇಶವೊಂದು ಒಂದು ಬೆಳೆಗೆ ನೀಡುವ, ವ್ಯಾಪಾರವನ್ನು ಬಾಧಿಸುವ ಬಗೆಯ ಬೆಂಬಲ ಆ ಬೆಳೆಯ ಒಟ್ಟು ಮೌಲ್ಯದ ಶೇ 10ನ್ನು ಮೀರುವಂತಿಲ್ಲ. ಎಫ್‌ಆರ್‌ಪಿ ಮೊತ್ತವನ್ನು ಪಾವತಿಸುವುದು ಕಾರ್ಖಾನೆಗಳು, ಸರ್ಕಾರದ ಬೊಕ್ಕಸದಿಂದ ಅದಕ್ಕೆ ಬಿಡಿಗಾಸೂ ಹೋಗುವುದಿಲ್ಲ, ಹೀಗಿರುವಾಗ ಅದು ಸರ್ಕಾರದ ಬೆಂಬಲ ಹೇಗಾಗುತ್ತದೆ ಎಂದು ಭಾರತ ವಾದಿಸಿತು. 2021ರ ಡಿಸೆಂಬರ್ 14ರಂದು ಪ್ರಕಟವಾದ ವರದಿಯಲ್ಲಿ ವಿಚಾರಣಾ ಸಮಿತಿ ಈ ವಾದವನ್ನು ತಳ್ಳಿಹಾಕಿತು. ಬೆಲೆಯನ್ನು ಸರ್ಕಾರ ಕಡ್ಡಾಯಗೊಳಿಸಿದರೆ ಸಾಕು, ಹಣವನ್ನು ಅದೇ ಕೊಡಬೇಕೆಂದಿಲ್ಲ ಎಂಬುದು ಸಮಿತಿಯ ನಿಲುವು. 2014-15ರಿಂದ 2018-19ರವರೆಗೆ ಸತತ ಐದು ಹಂಗಾಮುಗಳಲ್ಲಿ ಭಾರತ ಮಿತಿ ಮೀರಿದೆ, ಉತ್ಪಾದನೆ, ದಾಸ್ತಾನು, ಸಾಗಣೆಯ ಹೆಸರಿನ ಸಹಾಯಧನಗಳು ನಿಷಿದ್ಧ ರಫ್ತು ಸಹಾಯಧನಗಳೇ ಆಗಿವೆ ಎಂದು ಅದು ತೀರ್ಮಾನಿಸಿತು. ರಫ್ತು ಸಹಾಯಧನಗಳನ್ನು 120 ದಿನಗಳಲ್ಲಿ ಹಿಂಪಡೆಯುವಂತೆ ಶಿಫಾರಸು ಮಾಡಿತು.

ಬೆಂಬಲದ ಲೆಕ್ಕ ಹಾಕುವ ವಿಧಾನವನ್ನು ಓದುಗರು ಗಮನಿಸಬೇಕು. ಇಂದಿನ ಬೆಂಬಲ ಬೆಲೆಯನ್ನು ಇಂದಿನ ವಿಶ್ವ ದರದೊಂದಿಗೆ ಹೋಲಿಸುವುದಿಲ್ಲ. 1986ರಿಂದ 1988ರವರೆಗಿನ ಸರಾಸರಿ ದರವೇ ಅಳತೆಗೋಲು. ಮೂರು-ನಾಲ್ಕು ದಶಕಗಳಲ್ಲಿ ಗೊಬ್ಬರ, ಡೀಸೆಲ್, ಕೂಲಿ ಎಲ್ಲವೂ ಏರಿವೆ. ಆದರೆ ಅಳತೆಗೋಲು ನಿಂತಲ್ಲೇ ನಿಂತಿದೆ. ರೈತನಿಗೆ ಕೇವಲ ಖರ್ಚು ಸರಿದೂಗಿಸುವಷ್ಟು ದರ ನಿಗದಿ ಮಾಡಿದರೂ ಜಿನೀವಾದ ಪುಸ್ತಕದಲ್ಲಿ ಅದು ಭಾರೀ ಬೆಂಬಲವೆಂದೇ ದಾಖಲಾಗುತ್ತದೆ. ರಾಜ್ಯ ಸರ್ಕಾರಗಳು ಕೊಡುವ ನೆರವೂ ಇದೇ ಲೆಕ್ಕಕ್ಕೆ ಸೇರುತ್ತದೆ ಎಂದು ಒಪ್ಪಂದ ಸ್ಪಷ್ಟವಾಗಿ ಹೇಳುತ್ತದೆ. ರೈತರ ಹೋರಾಟಕ್ಕೆ ಮಣಿದು ಬೆಂಗಳೂರಿನಲ್ಲಿ ಘೋಷಣೆಯಾಗುವ ಪ್ರತಿ ರೂಪಾಯಿಗೂ ಹೊರದೇಶದ ವಕೀಲರ ಕಡತದಲ್ಲಿ ಜಾಗವಿದೆ ಎಂದರ್ಥ.

ಹಾಗೆಂದು ದೂರುದಾರರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಗ್ವಾಟೆಮಾಲಾದಂಥ ಸಣ್ಣ ದೇಶಕ್ಕೆ ಸಕ್ಕರೆ ಪ್ರಮುಖ ರಫ್ತು ಸರಕು. ಭಾರತದಂಥ ಬೃಹತ್ ಉತ್ಪಾದಕ ಸಹಾಯಧನ ಸಹಿತ ಸಕ್ಕರೆಯನ್ನು ಮಾರುಕಟ್ಟೆಗೆ ಸುರಿದಾಗ ಅಲ್ಲಿನ ಬೆಳೆಗಾರನ ದರವೂ ಇಳಿಯುತ್ತದೆ.

ನ್ಯಾಯಾಧೀಶರಿಲ್ಲದ ನ್ಯಾಯಾಲಯ

ವರದಿ ಪ್ರಕಟವಾದ ಕೆಲವೇ ವಾರಗಳಲ್ಲಿ ಭಾರತ ಮೇಲ್ಮನವಿ ಸಲ್ಲಿಸಿತು. ಅದರೊಂದಿಗೆ ಪ್ರಕರಣ ಅಲ್ಲಿಯೇ ನಿಂತಿತು. ಕಾರಣ, ಮೇಲ್ಮನವಿ ಆಲಿಸುವವರೇ ಇಲ್ಲ!

ವಿಶ್ವ ವ್ಯಾಪಾರ ಸಂಘಟನೆಯ ಮೇಲ್ಮನವಿ ಮಂಡಳಿ ಏಳು ಸದಸ್ಯರದ್ದು. ಪ್ರಕರಣವೊಂದನ್ನು ಆಲಿಸಲು ಕನಿಷ್ಠ ಮೂವರು ಬೇಕು. ಮಂಡಳಿ ತನ್ನ ವ್ಯಾಪ್ತಿ ಮೀರಿ ತೀರ್ಪು ನೀಡುತ್ತಿದೆ ಎಂದು ಆಕ್ಷೇಪಿಸಿದ ಅಮೆರಿಕ ಹೊಸ ಸದಸ್ಯರ ನೇಮಕಕ್ಕೆ ಒಪ್ಪಿಗೆ ನೀಡಲಿಲ್ಲ. ಸದಸ್ಯರು ಒಬ್ಬೊಬ್ಬರಾಗಿ ನಿವೃತ್ತರಾಗಿ 2019ರ ಡಿಸೆಂಬರ್‌ನಲ್ಲಿ ಮಂಡಳಿ ನಿಷ್ಕ್ರಿಯಗೊಂಡಿತು. 2020ರ ನವೆಂಬರ್‌ನಲ್ಲಿ ಕೊನೆಯ ಸದಸ್ಯರ ಅವಧಿಯೂ ಮುಗಿಯಿತು. ವಾಷಿಂಗ್ಟನ್ನಿನಲ್ಲಿ ಪಕ್ಷ ಬದಲಾದರೂ ಈ ನೀತಿ ಬದಲಾಗಲಿಲ್ಲ. ಒಬಾಮ ಕಾಲದಲ್ಲಿ ಮೊಳೆತ ಆಕ್ಷೇಪ ಟ್ರಂಪ್ ಕಾಲದಲ್ಲಿ ಹೆಮ್ಮರವಾಯಿತು, ಬೈಡನ್ ಅದನ್ನು ಕಡಿಯಲಿಲ್ಲ. 2024ರೊಳಗೆ ವ್ಯವಸ್ಥೆಯನ್ನು ಸರಿಪಡಿಸುವುದಾಗಿ 2022ರ ಸಚಿವರ ಸಮ್ಮೇಳನದಲ್ಲಿ ನೀಡಿದ ಮಾತು ಈಡೇರಲಿಲ್ಲ.

ಮಂಡಳಿ ಜೀವಂತವಿದ್ದ ಕಾಲದಲ್ಲಿ ಅದಕ್ಕೆ ಹಲ್ಲಿತ್ತು ಎಂಬುದಕ್ಕೆ ಸಕ್ಕರೆಯೇ ಸಾಕ್ಷಿ. ಐರೋಪ್ಯ ಒಕ್ಕೂಟದ ಸಕ್ಕರೆ ರಫ್ತು ಸಹಾಯಧನದ ವಿರುದ್ಧ ಆಸ್ಟ್ರೇಲಿಯಾ, ಬ್ರೆಜಿಲ್ ಮತ್ತು ಥಾಯ್ಲೆಂಡ್ ಹೂಡಿದ್ದ ವ್ಯಾಜ್ಯದಲ್ಲಿ 2005ರ ಏಪ್ರಿಲ್‌ನಲ್ಲಿ ಮೇಲ್ಮನವಿ ಮಂಡಳಿ ಒಕ್ಕೂಟದ ವಿರುದ್ಧ ತೀರ್ಪಿತ್ತಿತು. ಮರುವರ್ಷವೇ ಒಕ್ಕೂಟ ತನ್ನ ಸಕ್ಕರೆ ನೀತಿಯನ್ನು ಬದಲಿಸಿ, ಖಾತರಿ ಬೆಲೆಯನ್ನು ಹಂತಹಂತವಾಗಿ ಶೇ 36ರಷ್ಟು ತಗ್ಗಿಸಿತು. ಬಲಾಢ್ಯರೂ ನಿಯಮಕ್ಕೆ ತಲೆಬಾಗಿದ ಪ್ರಸಂಗವದು.

ಮಂಡಳಿ ನಿಂತುಹೋಗಿರುವುದರಿಂದ ಎಫ್‌ಆರ್‌ಪಿ ಸದ್ಯಕ್ಕೆ ಸುರಕ್ಷಿತ. ಆದರೆ ಭಾರತಕ್ಕೆ ಅನ್ಯಾಯವಾದಾಗ ಮೊರೆಯಿಡಲೂ ಜಾಗವಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕುಗಳ ಮೇಲೆ ಶೇ 50ರವರೆಗೆ ಸುಂಕ ವಿಧಿಸಿತ್ತು. ಅದರಲ್ಲಿ ಅರ್ಧ ಭಾಗಕ್ಕೆ ಕೊಟ್ಟ ಕಾರಣ ರಷ್ಯಾದಿಂದ ತೈಲ ಖರೀದಿ. ನಿಯಮಗಳ ಬಾಗಿಲು ಮುಚ್ಚಿದಾಗ ನಾಯಕರ ಮಾತುಕತೆಯ ಕೋಣೆಯಷ್ಟೇ ಉಳಿಯುತ್ತದೆ. 2023ರ ಜೂನ್‌ನಲ್ಲಿ ಪ್ರಧಾನಿಯವರ ಅಮೆರಿಕ ಭೇಟಿಯ ವೇಳೆ ಉಭಯ ದೇಶಗಳು ತಮ್ಮ ನಡುವಿನ ಆರು ವ್ಯಾಜ್ಯಗಳನ್ನು ಒಮ್ಮೆಗೇ ಕೈಬಿಟ್ಟವು. ಪ್ರತಿಯಾಗಿ ಅಲ್ಲಿನ ಸೇಬು, ಬಾದಾಮಿ, ಕಡಲೆ, ಮಸೂರಗಳ ಮೇಲೆ ಭಾರತ 2019ರಲ್ಲಿ ಹಾಕಿದ್ದ ಹೆಚ್ಚುವರಿ ಸುಂಕ ತೆರವಾಯಿತು. ಅಂದು ನಿರ್ಣಾಯಕವಾದದ್ದು ತೀರ್ಪಲ್ಲ, ಸ್ನೇಹ.

ಸರಕೇ ರಾಜತಂತ್ರ

ವ್ಯಾಪಾರ ಮತ್ತು ರಾಜಕಾರಣದ ಈ ಜೋಡಿ ನಡಿಗೆ ಬಾಗಲಕೋಟೆಗೆ ಅಪರಿಚಿತವಲ್ಲ. ಹುನಗುಂದ ಸೀಮೆಯ ಐಹೊಳೆಯ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘ ಸಾವಿರ ವರ್ಷದ ಹಿಂದೆಯೇ ಕಡಲಾಚೆ ವ್ಯವಹರಿಸುತ್ತಿತ್ತು. ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಬಾರುಸ್ ಬಳಿ ದೊರೆತ 1088ರ ತಮಿಳು ಶಾಸನದಲ್ಲಿ ಐನೂರ್ವರ ಉಲ್ಲೇಖವಿದೆ. ಅದಕ್ಕೂ ಮುನ್ನ, 1025ರ ಸುಮಾರಿಗೆ ಚೋಳರ ನೌಕಾಪಡೆ ಅದೇ ಸಮುದ್ರ ಮಾರ್ಗದ ಶ್ರೀವಿಜಯ ರಾಜ್ಯದ ಮೇಲೆ ದಂಡೆತ್ತಿ ಹೋಗಿತ್ತು.

ಆಧುನಿಕ ಕಾಲದಲ್ಲಿ ಸಕ್ಕರೆಯಷ್ಟು ರಾಜಕೀಯ ಬೆರೆತ ಸರಕು ವಿರಳ. 1960ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಕ್ಯೂಬಾದಿಂದ ಕೊಳ್ಳಬೇಕಿದ್ದ ಸಕ್ಕರೆಯಲ್ಲಿ 7 ಲಕ್ಷ ಟನ್ ಕಡಿತಗೊಳಿಸಿದರು. ಕೂಡಲೇ ಸೋವಿಯತ್ ಒಕ್ಕೂಟ ಆ ಸಕ್ಕರೆ ಕೊಳ್ಳಲು ಮುಂದಾಯಿತು. ಕ್ಯೂಬಾ ಮತ್ತು ಮಾಸ್ಕೋ ನಡುವಿನ ನಂಟು ಗಟ್ಟಿಯಾಗಲು ಅದೂ ಒಂದು ಕಾರಣ.

ಹತ್ತಿರದ ನಿದರ್ಶನವೂ ಉಂಟು. ಕಾಶ್ಮೀರ ಹಾಗೂ ಪೌರತ್ವ ಕಾಯ್ದೆ ಕುರಿತು ಮಲೇಷ್ಯಾದ ಅಂದಿನ ಪ್ರಧಾನಿ ಮಹಾತಿರ್ ಮೊಹಮ್ಮದ್ ಟೀಕಿಸಿದ ಬೆನ್ನಿಗೆ, 2020ರ ಜನವರಿಯಲ್ಲಿ ಭಾರತ ಸಂಸ್ಕರಿತ ತಾಳೆ ಎಣ್ಣೆಯ ಆಮದಿಗೆ ನಿರ್ಬಂಧ ಹೇರಿತು. ಅದೇ ತಿಂಗಳು ಮಲೇಷ್ಯಾದ ಪ್ರಮುಖ ಸಕ್ಕರೆ ಕಂಪೆನಿ ಮೊದಲ ತ್ರೈಮಾಸಿಕದಲ್ಲೇ ಭಾರತದಿಂದ 1.3 ಲಕ್ಷ ಟನ್ ಕಚ್ಚಾ ಸಕ್ಕರೆ ಕೊಳ್ಳುವುದಾಗಿ ಪ್ರಕಟಿಸಿತು. 2019ರ ಇಡೀ ವರ್ಷದಲ್ಲಿ ಅದು ಕೊಂಡಿದ್ದು ಸುಮಾರು 88 ಸಾವಿರ ಟನ್. ಮುನಿಸು ತಣಿಸುವ ಯತ್ನವಿದು ಎಂದೇ ಆಗ ವಿಶ್ಲೇಷಿಸಲಾಯಿತು.

ಜಿಲ್ಲೆಯ ಮತ್ತೊಂದು ಪ್ರಮುಖ ಬೆಳೆಯಾದ ಈರುಳ್ಳಿಯ ಕಥೆಯೂ ಭಿನ್ನವಲ್ಲ. 2019ರ ಸೆಪ್ಟೆಂಬರ್ ಕೊನೆಗೆ ಭಾರತ ಈರುಳ್ಳಿ ರಫ್ತನ್ನು ದಿಢೀರನೆ ನಿಷೇಧಿಸಿತು. ಕೆಲವೇ ದಿನಗಳಲ್ಲಿ ದೆಹಲಿಗೆ ಬಂದ ಬಾಂಗ್ಲಾದೇಶದ ಅಂದಿನ ಪ್ರಧಾನಿ ಶೇಖ್ ಹಸೀನಾ, ಅಡುಗೆಗೆ ಈರುಳ್ಳಿ ಹಾಕಬೇಡವೆಂದು ತಮ್ಮ ಬಾಣಸಿಗನಿಗೆ ಹೇಳಿದ್ದಾಗಿ ನಗುತ್ತಲೇ ಚುಚ್ಚಿದರು. ಮುನ್ಸೂಚನೆಯನ್ನಾದರೂ ಕೊಡಿ ಎಂಬುದು ಅವರ ಕೋರಿಕೆಯಾಗಿತ್ತು. 2023ರ ಆಗಸ್ಟ್‌ನಲ್ಲಿ ಶೇ 40ರ ರಫ್ತು ಸುಂಕ, ಡಿಸೆಂಬರ್‌ನಲ್ಲಿ ಮತ್ತೆ ನಿಷೇಧ, 2024ರ ಮೇ ತಿಂಗಳಲ್ಲಿ ತೆರವು, 2025ರ ಏಪ್ರಿಲ್ 1ರಿಂದ ಸುಂಕ ರದ್ದು. ಹಸೀನಾ ಕೇಳಿದ ಮುನ್ಸೂಚನೆ ಬಾಗಲಕೋಟೆಯ ಈರುಳ್ಳಿ ಬೆಳೆಗಾರನಿಗೂ ದೊರೆಯಲಿಲ್ಲ.

ಅಂದು ಮಿತ್ರ, ಇಂದು ಪ್ರತಿವಾದಿ

ಭಾರತದ ವಿರುದ್ಧ ದೂರಿದ ಬ್ರೆಜಿಲ್ ಶತ್ರುವೇನಲ್ಲ. 2003ರಲ್ಲಿ ಮೆಕ್ಸಿಕೊದ ಕಾನ್‌ಕುನ್ ಸಮ್ಮೇಳನದಲ್ಲಿ ಅಮೆರಿಕ ಮತ್ತು ಯುರೋಪಿನ ಕೃಷಿ ಸಹಾಯಧನಗಳ ವಿರುದ್ಧ ಬಡ ದೇಶಗಳ ಗುಂಪು ಕಟ್ಟಿ ಮುನ್ನಡೆಸಿದ್ದು ಬ್ರೆಜಿಲ್ ಮತ್ತು ಭಾರತ. ಎರಡೂ ಬ್ರಿಕ್ಸ್ ಕೂಟದ ಸದಸ್ಯರು. ಆದರೆ ಕಬ್ಬಿನ ಗದ್ದೆಯಲ್ಲಿ ಅವರು ಪ್ರತಿಸ್ಪರ್ಧಿಗಳು. ಆಸ್ಟ್ರೇಲಿಯಾವೂ ಅಷ್ಟೇ. ಸಕ್ಕರೆ ವ್ಯಾಜ್ಯ ಬಾಕಿ ಇರುವಾಗಲೇ, 2022ರ ಏಪ್ರಿಲ್‌ನಲ್ಲಿ, ಅದು ಭಾರತದೊಂದಿಗೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ಆ ಒಪ್ಪಂದದಲ್ಲಿ ಸುಂಕ ವಿನಾಯಿತಿ ನೀಡಲೊಪ್ಪದೆ ಭಾರತ ಹೊರಗಿಟ್ಟ ಸರಕುಗಳಲ್ಲಿ ಸಕ್ಕರೆಯೂ ಒಂದು. ದೇಶಗಳು ಒಂದು ಮೇಜಿನಲ್ಲಿ ಜಗಳವಾಡುತ್ತ ಮತ್ತೊಂದು ಮೇಜಿನಲ್ಲಿ ಕೈಕುಲುಕಬಲ್ಲವು.

ಈಗ ಈ ಸಂಬಂಧಕ್ಕೆ ಎಥೆನಾಲ್ ಹೊಸ ಆಯಾಮ ನೀಡಿದೆ. ಕಬ್ಬಿನಿಂದ ಎಥೆನಾಲ್ ತಯಾರಿಸುವುದರಲ್ಲಿ ಬ್ರೆಜಿಲ್‌ಗೆ ದಶಕಗಳ ಅನುಭವ. 2023ರ ಸೆಪ್ಟೆಂಬರ್ 9ರಂದು ದೆಹಲಿಯ ಜಿ-20 ಶೃಂಗಸಭೆಯ ವೇಳೆ ಜಾಗತಿಕ ಜೈವಿಕ ಇಂಧನ ಮೈತ್ರಿಕೂಟ ಉದ್ಘಾಟನೆಯಾದಾಗ ಭಾರತದ ಪ್ರಧಾನಿಯೊಂದಿಗೆ ಬ್ರೆಜಿಲ್ ಮತ್ತು ಅಮೆರಿಕದ ಅಧ್ಯಕ್ಷರಿದ್ದರು. ಭಾರತ ಹೆಚ್ಚು ಕಬ್ಬನ್ನು ಎಥೆನಾಲ್‌ಗೆ ತಿರುಗಿಸಿದಷ್ಟೂ ವಿಶ್ವ ಮಾರುಕಟ್ಟೆಗೆ ಬರುವ ಸಕ್ಕರೆ ಕಡಿಮೆಯಾಗುತ್ತದೆ. ಬ್ರೆಜಿಲ್‌ನ ಹಿತವೂ ಇದರಲ್ಲಿದೆ.

ಆದರೆ ಈ ದಾರಿಯೂ ತಿರುವುಗಳಿಂದ ಮುಕ್ತವಲ್ಲ. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದಿಂದ ಎಥೆನಾಲ್ ತಯಾರಿಕೆಗೆ ಕೇಂದ್ರ ಹಠಾತ್ ತಡೆಯೊಡ್ಡಿತು. ವಾರದಲ್ಲೇ ಸಡಿಲಿಸಿ, 17 ಲಕ್ಷ ಟನ್ ಸಕ್ಕರೆಯ ಮಿತಿ ಹಾಕಿತು. 2024ರ ಆಗಸ್ಟ್‌ನಲ್ಲಿ ಅದನ್ನೂ ತೆಗೆಯಿತು. ಇನ್ನೊಂದೆಡೆ, ಇಂಧನಕ್ಕೆ ಬಳಸುವ ಎಥೆನಾಲ್ ಆಮದಿಗೆ ಭಾರತ ಅವಕಾಶ ನೀಡುತ್ತಿಲ್ಲವೆಂದು ಅಮೆರಿಕದ ವ್ಯಾಪಾರ ಪ್ರತಿನಿಧಿ ಕಚೇರಿ ತನ್ನ ವಾರ್ಷಿಕ ವರದಿಯಲ್ಲಿ ಆಕ್ಷೇಪಿಸಿದೆ. ಅಲ್ಲಿನ ಎಥೆನಾಲ್ ತಯಾರಾಗುವುದು ಮುಖ್ಯವಾಗಿ ಮೆಕ್ಕೆಜೋಳದಿಂದ. ಆ ಬಾಗಿಲು ತೆರೆದರೆ ಜಿಲ್ಲೆಯ ಕಬ್ಬು ಬೆಳೆಗಾರ ಅಯೋವಾ ರಾಜ್ಯದ ಜೋಳದ ರೈತನೊಂದಿಗೆ ಪೈಪೋಟಿಗಿಳಿಯಬೇಕಾದೀತು.

ರೈತನಿಗೆ ಬೇಕಾದ್ದೇನು?

ಗ್ರಾಹಕನಿಗೆ ಸಕ್ಕರೆ ಕೈಗೆಟುಕಬೇಕೆಂಬುದೂ ನ್ಯಾಯವೇ. ಬರಗಾಲದಲ್ಲಿ ರಫ್ತು ತಡೆಯುವುದನ್ನು ಯಾರೂ ತಪ್ಪೆನ್ನಲಾರರು. ಆಕ್ಷೇಪವಿರುವುದು ಅನಿಶ್ಚಿತತೆಯ ಬಗ್ಗೆ. ಕಬ್ಬು ನಾಟಿಯಿಂದ ಕಟಾವಿಗೆ ಬರಲು ವರ್ಷ ಬೇಕು. ಅಧಿಸೂಚನೆ ಬದಲಾಗಲು ಒಂದು ರಾತ್ರಿ ಸಾಕು. ಇಷ್ಟು ದಾಸ್ತಾನು ಉಳಿದರೆ ಇಷ್ಟು ರಫ್ತು ಎಂಬ ಸೂತ್ರವನ್ನು ಹಂಗಾಮಿಗೆ ಮುನ್ನವೇ ಪ್ರಕಟಿಸಿದರೆ ಕಾರ್ಖಾನೆಗಳು ಕರಾರು ಮಾಡಿಕೊಳ್ಳಬಹುದು. ದರದ ಮಾತುಕತೆಯಲ್ಲಿ 'ರಫ್ತಿಲ್ಲ' ಎಂಬ ನೆಪಕ್ಕೂ ಅವಕಾಶವಿರದು. ರಫ್ತಿನಿಂದ ಬಂದ ಹೆಚ್ಚುವರಿ ಲಾಭದಲ್ಲಿ ರೈತನ ಪಾಲೆಷ್ಟು ಎಂಬುದೂ ಆಗ ಬಹಿರಂಗ ಲೆಕ್ಕಕ್ಕೆ ಸಿಗುತ್ತದೆ. 2023ರಲ್ಲಿ ವಿಶ್ವ ದರ ಏರಿದಾಗ ಅಂಥ ಲೆಕ್ಕ ಕೇಳುವ ಅವಕಾಶವೇ ಇಲ್ಲಿನ ರೈತರಿಗೆ ಬರಲಿಲ್ಲ.

ಸಕ್ಕರೆ ಹಂಗಾಮು ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗಿನದು. ಮೂರು ಸಂಗತಿಗಳ ಮೇಲೆ ರೈತ ಸಂಘಟನೆಗಳು ಕಣ್ಣಿಡುವುದು ಒಳಿತು. ಕೇಂದ್ರ ಸಚಿವ ಸಂಪುಟ ಸಮಿತಿ ಪ್ರಕಟಿಸುವ ಎಫ್‌ಆರ್‌ಪಿ ಮೊದಲನೆಯದು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ರಫ್ತು ಅಧಿಸೂಚನೆ ಎರಡನೆಯದು. ಬ್ರೆಜಿಲ್‌ನ ದಕ್ಷಿಣ-ಮಧ್ಯ ಪ್ರಾಂತ್ಯದಲ್ಲಿ ಏಪ್ರಿಲ್‌ನಲ್ಲಿ ಆರಂಭವಾಗುವ ಕಬ್ಬು ಅರೆಯುವಿಕೆ ಮೂರನೆಯದು. ಮೊದಲನೆಯದಕ್ಕಾಗಿ ಮಾತ್ರ ರಸ್ತೆಗಿಳಿಯುವ ಹೋರಾಟ ದರದ ಅರ್ಧ ಭಾಗವನ್ನಷ್ಟೇ ಕೇಳಿದಂತಾಗುತ್ತದೆ. ಉಳಿದರ್ಧ ನಿರ್ಧಾರವಾಗುವುದು ಬಂದರಿನ ಬಾಗಿಲಲ್ಲಿ.